ಹಾಡುಗಾರರು ಹೊಲಕ್ಕೆ ಹೋದಾಗ



ಕೆಲವು ವರ್ಷಗಳ ಹಿಂದಿನ ಮಾತು. ಸೊಲ್ಲಾಪುರದಿಂದ ಅಕ್ಕಲಕೋಟೆ ಕಡೆಗೆ, ಸುಮಾರು 40 ಕಿಲೋಮೀಟರ್ ದಾರಿ, ಕನ್ನಡದಲ್ಲಿ ಬಲಿಪೂಜೆ ಅರ್ಪಿಸಲು ಹೋಗುತ್ತಿದ್ದೆ. ಕೀಬೋರ್ಡನ್ನು ಹೆಗಲಿಗೆ ಹಾಕಿಕೊಂಡು ಯುವಕನೊಬ್ಬ ನನ್ನೊಡನೆ ಬರುತ್ತಿದ್ದ. ವಾರವೆಲ್ಲ ಪವರ್‌ಲೂಮಿನಲ್ಲಿ ಚಾದರ ನೇಯುವ ಕೆಲಸ. ಲಗ್ನದ ಕಾಲದಲ್ಲಿ ಬ್ಯಾಂಡಿನವರ ಜೊತೆ ನುಡಿಸಿ ನಾಲ್ಕು ಕಾಸು ಗಳಿಸುತ್ತಿದ್ದ. ನಮ್ಮಲ್ಲಿ ನುಡಿಸಿದ್ದಕ್ಕೆ ಅವನಿಗೆ ಸಿಗುತ್ತಿದ್ದದ್ದು ಒಂದು ಕಪ್ ಚಹಾ, ಜೊತೆಗೆ ‘ದೇವರು ಒಳ್ಳೆಯದು ಮಾಡಲಿ’ ಎಂಬ ನನ್ನ ಹಾರೈಕೆ.

ಪಾಸ್ಖ ಹಬ್ಬ ಕಳೆದ ಒಂದು ಭಾನುವಾರ ಅವನು ಬರಲಿಲ್ಲ. ಹಾಡು ಎಲ್ಲೋ ಆರಂಭವಾಗಿ ಎಲ್ಲೋ ಮುಗಿಯಿತು. ಸಂಜೆ ಸಿಟ್ಟಿನಿಂದ ಅವನ ಮನೆಗೆ ಹೋಗಿ, “ದೇವರ ಸೇವೆಗಿಂತ ಲಗ್ನದ ಬ್ಯಾಂಡು ದೊಡ್ಡದಾಯಿತೇ?” ಎಂದು ಕೇಳಿದೆ. ಅವನು ತಲೆ ತಗ್ಗಿಸಿ ನಿಂತ. ತಾಯಿ ಮಾತನಾಡಿದರು: “ಅವಂಗ ಬೈಬ್ಯಾಡ್ರಿ ಫಾದರ್. ಮನಿ ಬಾಡಿಗಿ ಎರಡ ತಿಂಗಳದ್ದು ಉಳದೈತ್ರಿ. ಸುಪಾರಿ ಬಿಟ್ರ ಬ್ಯಾಂಡಿನವ್ರು ಮತ್ತ ಕರಿಯಂಗಿಲ್ರಿ.”

ಆ ರಾತ್ರಿ ಬೈಬಲ್ ತೆರೆದು ನೆಹೆಮೀಯನ ಗ್ರಂಥದ 13ನೆಯ ಅಧ್ಯಾಯ ಓದಿದೆ. ಗುರುಮಠದಲ್ಲಿ ಪರೀಕ್ಷೆಗೆಂದು ಓದಿದ್ದ ಅಧ್ಯಾಯವೇ. ನೆಹೆಮೀಯ ಜೆರುಸಲೇಮಿಗೆ ಹಿಂತಿರುಗಿ ಬಂದಾಗ ದೇವಾಲಯದಲ್ಲಿ ಹಾಡುವವರೇ ಇರಲಿಲ್ಲ. ಅವರಿಗೆ ಸಲ್ಲಬೇಕಾದ ಪಾಲು ಸಂದಿರಲಿಲ್ಲ, ಹಾಗಾಗಿ ಹೊಟ್ಟೆಪಾಡಿಗೆ ಹೊಲಗಳಿಗೆ ಹೋಗಿಬಿಟ್ಟಿದ್ದರು. ಆಗ ನೆಹೆಮೀಯ ಗದರಿಸಿದ್ದು ಯಾರನ್ನು? ಅಧಿಕಾರಿಗಳನ್ನು. ನಾನು ಗದರಿಸಿದ್ದು ಹಾಡುಗಾರನನ್ನು!

‘ದೇವರ ಸೇವೆಗೆ ಕೂಲಿಯೇ?’ ಎಂದು ನಮ್ಮಲ್ಲಿ ಅನೇಕರು ಕೇಳುತ್ತಾರೆ. ಪ್ರಶ್ನೆ ಸಣ್ಣದಲ್ಲ. ಸಂತ ಪೌಲರು ತಮ್ಮ ಹಕ್ಕನ್ನು ಬಿಟ್ಟುಕೊಟ್ಟು ಶುಭಸಂದೇಶವನ್ನು ಉಚಿತವಾಗಿ ಸಾರಿದರು. ಆದರೆ ಅದೇ ಪತ್ರದಲ್ಲಿ (1 ಕೊರಿಂಥ 9) ಬಲಿಪೀಠದ ಸೇವೆ ಮಾಡುವವರಿಗೆ ಅದರಲ್ಲಿ ಪಾಲುಂಟು ಎಂದೂ ಬರೆದರು. ತನ್ನ ಹಕ್ಕನ್ನು ತಾನೇ ಬಿಟ್ಟುಕೊಟ್ಟರೆ ಅದು ತ್ಯಾಗ. ಇನ್ನೊಬ್ಬರ ಹಕ್ಕನ್ನು ನಾವು ಬಿಡಿಸಿದರೆ ಅದಕ್ಕೆ ಬೇರೆ ಹೆಸರಿದೆ. ಬಲಿಪೂಜೆಯ ಕಾಣಿಕೆ ಪಡೆಯುವ ನನ್ನಂಥ ಗುರುವಿಗಂತೂ ಇದರಲ್ಲಿ ಉಪದೇಶ ಮಾಡುವ ಬಾಯಿಯಿಲ್ಲ.

ಧರ್ಮಸಭೆಯ 1983ರ ಕಾನೂನು ಸಂಹಿತೆ ಎರಡೂ ಬದಿಯನ್ನು ನೋಡುತ್ತದೆ. ವಾಚಕ, ಪೀಠಸೇವಕ ಎಂಬ ಸೇವಾಸ್ಥಾನ ಪಡೆದ ಮಾತ್ರಕ್ಕೆ ಸಂಬಳದ ಹಕ್ಕು ಬರುವುದಿಲ್ಲ (230). ಆದರೆ ಧರ್ಮಸಭೆಯ ವಿಶೇಷ ಸೇವೆಗೆ, ಶಾಶ್ವತವಾಗಿಯೋ ಸ್ವಲ್ಪ ಕಾಲಕ್ಕೋ, ತಮ್ಮನ್ನು ಮುಡಿಪಾಗಿಟ್ಟ ಶ್ರೀಸಾಮಾನ್ಯರಿಗೆ ತಮ್ಮ ಮತ್ತು ಕುಟುಂಬದ ನಿರ್ವಹಣೆಗೆ ತಕ್ಕ ಸಂಭಾವನೆಯ ಹಕ್ಕಿದೆ (231). ಗಾನವೃಂದದಲ್ಲಿ ಪ್ರೀತಿಯಿಂದ ಹಾಡುವ ನಮ್ಮ ಮಕ್ಕಳು, ತಾಯಂದಿರು ಯಾರೂ ಹಣ ಕೇಳಿಲ್ಲ, ಕೇಳುವುದೂ ಇಲ್ಲ. ಪ್ರಶ್ನೆಯಿರುವುದು ವಾದ್ಯವೇ ಅನ್ನವಾಗಿರುವವನ ಬಗ್ಗೆ, ಪ್ರತಿವಾರ ಬರಲೇಬೇಕೆಂದು ನಾವು ಕಟ್ಟಿಹಾಕಿದವನ ಬಗ್ಗೆ.

ನಮ್ಮ ಲೆಕ್ಕವನ್ನೇ ನೋಡೋಣ. ಹಬ್ಬಕ್ಕೆ ಶಾಮಿಯಾನ, ಹೂವು, ಸೌಂಡ್ ಸಿಸ್ಟಂ ಎಲ್ಲದಕ್ಕೂ ಬಾಡಿಗೆ ಕೊಡುತ್ತೇವೆ. ಮೆರವಣಿಗೆಗೆ ಹೊರಗಿನ ಹಲಗಿಯವರನ್ನು ಕರೆದರೆ ಮುಂಗಡವನ್ನೂ ಕೊಡುತ್ತೇವೆ. ಕೀಬೋರ್ಡಿನ ಹುಡುಗನ ಮಾತು ಬಂದಾಗ ಮಾತ್ರ ‘ಅವ ನಮ್ಮವನೇ ಅಲ್ಲವೇ!’ ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಎಂದರೆ ಇದೇ.

ಇನ್ನೊಂದು ಬದಿಯ ಎಚ್ಚರವೂ ಬೇಕು. ಸೊಲ್ಲಾಪುರ ಶಿವಯೋಗಿ ಸಿದ್ಧರಾಮರ ಊರು. ಅವರ ಕಾಲದ ಶರಣೆ ಆಯ್ದಕ್ಕಿ ಲಕ್ಕಮ್ಮ, ಗಂಡ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಹಿಂದಕ್ಕೆ ಕಳುಹಿಸಿದ ಕಥೆ ನಿಮಗೆ ಗೊತ್ತು. ವಾದ್ಯದವರೂ ದೇವಾಲಯವನ್ನು ಲಗ್ನದ ಮಂಟಪದಂತೆ ಕಂಡು ಚೌಕಾಸಿ ಮಾಡಬಾರದು. ಬಡವರ ಮನೆಯ ಶವಸಂಸ್ಕಾರ ಹಣವಿಲ್ಲವೆಂದು ಹಾಡಿಲ್ಲದೆ ನಡೆಯಬಾರದು. ಆ ಖರ್ಚನ್ನು ಧರ್ಮಕೇಂದ್ರ ಹೊರಬೇಕು.

ನಮ್ಮ ಪಾಲನಾ ಸಮಿತಿಯಲ್ಲಿ ಎರಡು ಸಭೆ ಚರ್ಚೆಯಾಯಿತು. ಕೊನೆಗೆ ಪ್ರಯಾಣದ ಖರ್ಚು ಮತ್ತು ತಿಂಗಳಿಗೆ ಒಂದು ಸಣ್ಣ ಮೊತ್ತ ನಿಗದಿಯಾಯಿತು. ಲಗ್ನವಿದ್ದ ಭಾನುವಾರ ಮೊದಲೇ ತಿಳಿಸಿದರೆ ಸಾಕು ಎಂದೂ ಹೇಳಿದೆವು. ಅಂಥ ದಿನಕ್ಕೆಂದು ಅವನೇ ಒಬ್ಬ ಹುಡುಗಿಗೆ ನುಡಿಸಲು ಕಲಿಸಿದ. ನಾನು ಮತ್ತೆ ಅವನ ಮನೆಗೆ ಹೋಗಿ ತಾಯಿಯ ಎದುರಿಗೇ ಕ್ಷಮೆ ಕೇಳಿದೆ.

ಮೊದಲ ಲಕೋಟೆ ಕೈಗಿತ್ತ ದಿನ ಅವನು ಅದರಿಂದ ಒಂದು ನೋಟು ತೆಗೆದು ಕಾಣಿಕೆ ಪೆಟ್ಟಿಗೆಗೆ ಹಾಕಿದ. ಅಷ್ಟು ದಿನ ನಾವು ಅವನಿಂದ ಕೊಡುವ ಆ ಸಂತೋಷವನ್ನೂ ಕಿತ್ತುಕೊಂಡಿದ್ದೆವು.

ಈ ಭಾನುವಾರ ನಿಮ್ಮ ದೇವಾಲಯದಲ್ಲಿ ನುಡಿಸುವವರನ್ನು ಪೂಜೆ ಮುಗಿದ ಮೇಲೆ ಒಮ್ಮೆ ಮಾತನಾಡಿಸಿ. ಮನೆಯಲ್ಲಿ ಹೇಗಿದ್ದೀರಿ ಎಂದು ಕೇಳಿ. ಮುಂದಿನ ಮಾತು ತಾನಾಗಿಯೇ ಹೊರಡುತ್ತದೆ.

ಪ್ರಭುವಿನಲ್ಲಿ ನಿಮ್ಮವ.