ಹುಚ್ಚುನಾಯಿ ಎಂದು ಹೂಳುವ ಮೊದಲು

ಊರಿನಲ್ಲಿ ನಾಯಿಯೊಂದು ಜೊಲ್ಲು ಸುರಿಸುತ್ತಾ, ದವಡೆ ಕಟಕಟ ಕಡಿಯುತ್ತಾ, ತೂರಾಡುತ್ತಾ ಬಂದರೆ ನಾವೆಲ್ಲ ಹೇಳುವುದು ಒಂದೇ ಮಾತು: ಹುಚ್ಚು ಹಿಡಿದಿದೆ. ಸ್ವಲ್ಪ ಹೊತ್ತಿನಲ್ಲೇ ಅದರ ಕಥೆ ಮುಗಿಯುತ್ತದೆ. ಗುಂಡಿ ತೋಡಿ ಹೂಳಿದ ಮೇಲೆ ಅದು ಯಾತರಿಂದ ಹಾಗಾಯಿತು ಎಂದು ಯಾರೂ ಕೇಳುವುದಿಲ್ಲ. ಆ ಭಯ ಸುಳ್ಳಲ್ಲ. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಮನುಷ್ಯ ಉಳಿಯುವುದು ಇಲ್ಲವೆಂಬಷ್ಟು ಅಪರೂಪ. ಆದರೆ ಹೆಚ್ಚುಕಡಿಮೆ ಇಂಥದ್ದೇ ಲಕ್ಷಣ ತೋರಿಸುವ ಇನ್ನೊಂದು ಕಾಯಿಲೆ ನಮ್ಮ ಬೀದಿಗಳಲ್ಲಿದೆ. ಅದರ ಹೆಸರು ಡಿಸ್ಟೆಂಪರ್. ಹೂತ ನಾಯಿಗಳಲ್ಲಿ ಎಷ್ಟು ಇದರಿಂದ ಸತ್ತವು ಎಂಬ ಲೆಕ್ಕ ನಮ್ಮ ಹಳ್ಳಿಗಳಲ್ಲಿ ಯಾರೂ ಇಟ್ಟಿಲ್ಲ.

ನಾನು ರಾಣೆಬೆನ್ನೂರು ಕಡೆಯವನು, ಪುಣೆಯಲ್ಲಿ ಪಶುವೈದ್ಯ. ನನ್ನ ಕ್ಲಿನಿಕ್ಕಿಗೆ ಬರುವ ಡಿಸ್ಟೆಂಪರ್ ಮರಿಗಳಲ್ಲಿ ಹೆಚ್ಚಿನವು ಬೀದಿಯಿಂದ ಎತ್ತಿಕೊಂಡು ಬಂದಂಥವು. ಮೊದಲು ಜ್ವರ, ಕಣ್ಣಲ್ಲಿ ಗೀಜು, ಮೂಗಲ್ಲಿ ಸಿಂಬಳ, ಕೆಮ್ಮು, ಭೇದಿ. ಕೆಲವು ದಿನ ಕಳೆದು ಚೇತರಿಸಿಕೊಂಡಿತು ಎನ್ನುವಷ್ಟರಲ್ಲಿ ಮೈ ಅದುರಲು ಶುರುವಾಗುತ್ತದೆ, ಫಿಟ್ಸ್ ಬರುತ್ತದೆ. ಈ ವೈರಸ್ಸಿಗೆಂದೇ ಇರುವ ಔಷಧವಿಲ್ಲ. ಡ್ರಿಪ್ ಹಾಕಿ, ಬೇರೆ ಸೋಂಕು ತಗಲದಂತೆ ನೋಡಿಕೊಂಡು ಕಾಯಬೇಕು ಅಷ್ಟೆ. ಇದು ಮನುಷ್ಯರಿಗೆ ಬರುವ ಕಾಯಿಲೆಯಲ್ಲ. ಹಾಗಾಗಿಯೇ ಇದಕ್ಕೆ ಯಾರ ಕಾಳಜಿಯೂ ಇಲ್ಲ.

ಆದರೆ ಇದು ಬರೀ ನಾಯಿಯ ಕಾಯಿಲೆಯೂ ಅಲ್ಲ. ಇದು ಸೇರಿರುವ ವೈರಸ್ ಕುಲದ ಹೆಸರು ಮಾರ್ಬಿಲಿವೈರಸ್. ಮಕ್ಕಳ ದಡಾರ ಇದೇ ಕುಲದ್ದು. ನಮ್ಮ ಕುರಿಗಾಹಿಗಳು ಹಿರೇಬೇನೆ ಎನ್ನುವ ಪಿಪಿಆರ್ ಇದೇ ಕುಲದ್ದು. ಹಿಂದಿನ ತಲೆಮಾರಿನ ರೈತರ ಕೊಟ್ಟಿಗೆ ಖಾಲಿ ಮಾಡಿದ್ದ ದನಗಳ ದೊಡ್ಡರೋಗ, ಅಂದರೆ ರಿಂಡರ್‌ಪೆಸ್ಟ್ ಕೂಡ ಇವುಗಳ ದಾಯಾದಿಯೇ. ಡಿಸ್ಟೆಂಪರ್ ಈ ಮನೆತನದಲ್ಲಿ ತುಸು ಅಲೆಮಾರಿ ಸ್ವಭಾವದ್ದು. ನಾಯಿ, ತೋಳ, ನರಿ, ಹುಲಿ, ಸಿಂಹ, ಪುನುಗು, ಸೀಲ್ ಹೀಗೆ ಮಾಂಸಾಹಾರಿಗಳಲ್ಲಿ ಅದು ಹೊಕ್ಕದ ಮನೆ ಕಡಿಮೆ.

ಗಿರ್ ಅರಣ್ಯದಲ್ಲಿ ಆದದ್ದು ನೆನಪಿರಬಹುದು. 2018ರ ಸೆಪ್ಟೆಂಬರ್‌ನಲ್ಲಿ ದಲಖಾನಿಯಾ ವಲಯದಲ್ಲಿ ಮೂರು ವಾರಗಳ ಆಸುಪಾಸಿನಲ್ಲಿ 23 ಸಿಂಹಗಳು ಸತ್ತವು. ಮೊದಮೊದಲು ಸಿಂಹಗಳ ಒಳಜಗಳ ಕಾರಣ ಎಂಬ ಮಾತು ಬಂತು. ಮಾದರಿಗಳು ಇಲ್ಲಿ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಗೆ ಬಂದಾಗ ಡಿಸ್ಟೆಂಪರ್ ವೈರಸ್ ಇರುವುದು ಖಚಿತವಾಯಿತು. ಆಮೇಲೆ ಅಮೆರಿಕದಿಂದ 300 ಡೋಸ್ ಲಸಿಕೆ ತರಿಸಿದರು. ಪರೀಕ್ಷೆ ಆಗದೇ ಹೋಗಿದ್ದರೆ ಒಳಜಗಳದ ಕಥೆಯೇ ದಾಖಲೆಯಲ್ಲಿ ಉಳಿಯುತ್ತಿತ್ತು.

ಇದಕ್ಕೆ ಮೊದಲಿನ ದೊಡ್ಡ ಪಾಠ ಟಾಂಜಾನಿಯಾದ ಸೆರೆಂಗೆಟಿಯದು. 1994ರಲ್ಲಿ ಅಲ್ಲಿನ ಸಿಂಹಗಳಲ್ಲಿ ಸುಮಾರು ಮೂರರಲ್ಲೊಂದು ಪಾಲು ಸತ್ತವು. ಸುತ್ತಲಿನ ಹಳ್ಳಿಗಳ ನಾಯಿಗಳತ್ತ ಬೆರಳು ಹೋಯಿತು. ಆದರೆ ಆ ಸಿಂಹಗಳಿಗೆ ಹಿಂದೆಯೂ ಈ ವೈರಸ್ ತಗಲಿ, ಹೆಚ್ಚು ಸಾವಿಲ್ಲದೆ ಹೋಗಿತ್ತು ಎಂದು ರಕ್ತಪರೀಕ್ಷೆ ಹೇಳುತ್ತಿತ್ತು. ಹಾಗಾದರೆ ಆ ವರ್ಷ ಮಾತ್ರ ಏಕೆ? 2008ರಲ್ಲಿ ಬಂದ ಸಂಶೋಧನೆ ಉತ್ತರ ಕೊಟ್ಟಿತು. ಬರಗಾಲದಿಂದ ಕಾಡೆಮ್ಮೆಗಳು ಸೊರಗಿ, ಅವುಗಳ ಮೈಮೇಲೆ ಉಣ್ಣೆಗಳು ಹೆಚ್ಚಾಗಿದ್ದವು. ಅವುಗಳನ್ನು ತಿಂದ ಸಿಂಹಗಳಿಗೆ ಉಣ್ಣೆಯಿಂದ ಹರಡುವ ಬೆಬೀಸಿಯಾ ರೋಗವೂ ಜೋರಾಗಿ ಹತ್ತಿತು. ಡಿಸ್ಟೆಂಪರ್ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸಿತು, ಬೆಬೀಸಿಯಾ ಉಳಿದ ಕೆಲಸ ಮುಗಿಸಿತು. ಬರವೆಂದರೇನು, ಉಣ್ಣೆಯೆಂದರೇನು ಎಂದು ನಮ್ಮ ಬಯಲುಸೀಮೆಯವರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ ಹಳ್ಳಿಯ ನಾಯಿಗಳಿಗೆಲ್ಲ ಲಸಿಕೆ ಹಾಕಿಬಿಟ್ಟರೆ ಕಾಡು ಕ್ಷೇಮವೇ? ಸಂಶೋಧನೆ ಅಷ್ಟು ಸಲೀಸಾಗಿ ಹೌದು ಎನ್ನುವುದಿಲ್ಲ. ಸೆರೆಂಗೆಟಿಯ ದಶಕಗಳ ಮಾಹಿತಿಯನ್ನು ಜೋಡಿಸಿ 2015ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಲಸಿಕೆಯಿಂದ ನಾಯಿಗಳಲ್ಲಿ ಸೋಂಕು ಇಳಿಯಿತು, ಆದರೆ ಸಿಂಹಗಳಿಗೆ ತಗಲುವುದು ನಿಲ್ಲಲಿಲ್ಲ. ರಷ್ಯಾದ ದೂರಪೂರ್ವದಲ್ಲಿ 2003ರಲ್ಲಿ ಹುಲಿಯೊಂದು ಮನುಷ್ಯರ ಭಯವೇ ಇಲ್ಲದೆ ಹಳ್ಳಿಯೊಳಗೆ ನಡೆದುಬಂದಿತ್ತು. ಅದಕ್ಕಿದ್ದದ್ದು ಡಿಸ್ಟೆಂಪರ್ ಎಂಬುದು ಆಮೇಲೆ ಗೊತ್ತಾಯಿತು. ಅಲ್ಲಿನ ಹುಲಿಗಳಿಗೆ ವೈರಸ್ ಮುಖ್ಯವಾಗಿ ಬರುವುದು ನಾಯಿಗಳಿಂದಲ್ಲ, ಕಾಡಿನ ಇತರ ಪ್ರಾಣಿಗಳಿಂದ ಎಂದು 2020ರ ಅಧ್ಯಯನ ತೋರಿಸಿತು. ಅಂದರೆ ಒಂದು ಕಾಡಿನ ಉತ್ತರ ಇನ್ನೊಂದು ಕಾಡಿಗೆ ಹೊಂದುವುದಿಲ್ಲ. ನಮ್ಮ ಕಾಡಿನ ಉತ್ತರವನ್ನು ನಾವೇ ಹುಡುಕಬೇಕು.

ಕರ್ನಾಟಕಕ್ಕೆ ಇದು ದೂರದ ಮಾತಲ್ಲ. 2022ರ ಗಣತಿಯ ಪ್ರಕಾರ ನಮ್ಮಲ್ಲಿ 563 ಹುಲಿಗಳಿವೆ. ಬಂಡೀಪುರ, ನಾಗರಹೊಳೆಯಲ್ಲಿ ಗುಂಪಾಗಿ ಬದುಕುವ ಸೀಳುನಾಯಿಗಳಿವೆ. ಒಂದಕ್ಕೆ ಅಂಟಿದರೆ ಗುಂಪಿಗೇ ಅಂಟುವ ಜಾತಿ ಅದು. ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ ತೋಳಧಾಮ ಮಾಡಿದ್ದೇವೆ. ನಮ್ಮ ರಾಣೆಬೆನ್ನೂರಿನ ಕೃಷ್ಣಮೃಗಧಾಮದಲ್ಲೂ ತೋಳ, ನರಿಗಳಿವೆ. ಕುರಿಹಟ್ಟಿಯ ನಾಯಿ ಮತ್ತು ತೋಳ ಓಡಾಡುವುದು ಒಂದೇ ಹುಲ್ಲುಗಾವಲಿನಲ್ಲಿ. ನಮ್ಮ ಗಡಿಗೆ ಅಂಟಿಕೊಂಡಿರುವ ಸೊಲ್ಲಾಪುರ ಜಿಲ್ಲೆಯ ನಾನ್ನಜ್ ಸುತ್ತ ಸಂಶೋಧಕರು ರಕ್ತ ಪರೀಕ್ಷಿಸಿದಾಗ, ಹಳ್ಳಿ ನಾಯಿಗಳಲ್ಲಿ ಬಹುಪಾಲು ಈ ವೈರಸ್ಸಿನ ಸಂಪರ್ಕಕ್ಕೆ ಬಂದಿದ್ದವು. ಕೆಲವು ನರಿಗಳಿಗೂ ಸೋಂಕು ತಗಲಿ ಹೋಗಿದ್ದ ಗುರುತು ಸಿಕ್ಕಿತು. ನೆಲ, ಹುಲ್ಲು, ಕುರಿ, ನಾಯಿ ಎಲ್ಲವೂ ಗಡಿಯ ಈಚೆ ಆಚೆ ಒಂದೇ.

ಮಾಡಬಹುದಾದದ್ದು ಎರಡು ಕೆಲಸ, ಎರಡೂ ಕೈಗೆಟುಕುವಂಥವು.

ಮೊದಲನೆಯದು, ಸತ್ತದ್ದನ್ನು ಪರೀಕ್ಷಿಸುವುದು. ಹುಲಿ ಸತ್ತರೆ ಮರಣೋತ್ತರ ಪರೀಕ್ಷೆಗೆ ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರದ ನಿಯಮಾವಳಿಯಿದೆ. ನರಿ, ಪುನುಗು, ಕಾಡಂಚಿನ ನಾಯಿ ಸತ್ತರೆ ಕೇಳುವವರಿಲ್ಲ. ವೈರಸ್ ಮೊದಲು ಸುಳಿವು ಕೊಡುವುದು ಇವುಗಳಲ್ಲಿಯೇ ಇರಬಹುದು. ನಮ್ಮ ಬಿಸಿಲಿಗೆ ಹೆಣ ಬೇಗ ಕೊಳೆಯುತ್ತದೆ. ಮಾದರಿ ತಣ್ಣಗಿರುವಂತೆ ಪ್ಯಾಕ್ ಮಾಡಿ ತಕ್ಷಣ ಲ್ಯಾಬಿಗೆ ಕಳಿಸದಿದ್ದರೆ ಏನೂ ತಿಳಿಯದು. ಹೆಬ್ಬಾಳದಲ್ಲಿ ಪಶು ಆರೋಗ್ಯ ಸಂಸ್ಥೆಯಿದೆ, ಯಲಹಂಕದಲ್ಲಿ ಪಶುರೋಗಗಳ ಹರಡುವಿಕೆಯನ್ನೇ ಅಧ್ಯಯನ ಮಾಡುವ ರಾಷ್ಟ್ರೀಯ ಸಂಸ್ಥೆ ನಿವೇದಿ ಇದೆ. ಜ್ಞಾನಕ್ಕೆ ಕೊರತೆಯಿಲ್ಲ. ಕಾಡಂಚಿನಿಂದ ಲ್ಯಾಬಿನವರೆಗೆ ಒಂದು ಖಾಯಂ ದಾರಿ ಬೇಕು. ಬಂದ ಫಲಿತಾಂಶ ಕಡತದಲ್ಲಿ ಕೂರದೆ ಸಾರ್ವಜನಿಕವಾಗಬೇಕು. ಒಂದು ಎಚ್ಚರ: ತೂರಾಡುವ ನಾಯಿಯನ್ನು ಕಣ್ಣಿಂದ ನೋಡಿ ರೇಬಿಸ್ ಅಲ್ಲ ಎನ್ನುವ ಹಾಗಿಲ್ಲ. ಹತ್ತಿರ ಹೋಗಬೇಡಿ, ಹೆಣವನ್ನೂ ಬರಿಗೈಯಲ್ಲಿ ಮುಟ್ಟಬೇಡಿ, ಪಶು ಆಸ್ಪತ್ರೆಗೆ ತಿಳಿಸಿ. ಕಚ್ಚಿದ್ದರೆ ತಡಮಾಡದೆ ಚುಚ್ಚುಮದ್ದು ಹಾಕಿಸಿಕೊಳ್ಳಿ.

ಎರಡನೆಯದು, ಕಾಡಂಚಿನ ಹಳ್ಳಿಗಳ ನಾಯಿಗಳಿಗೆ ಲಸಿಕೆ. ಈ ವೈರಸ್ ಹೊರಗೆ ಬಹಳ ನಾಜೂಕು. ಬಿಸಿಲಿಗೆ, ಸಾಮಾನ್ಯ ಸೋಂಕುನಿವಾರಕಕ್ಕೆ ಸಾಯುತ್ತದೆ. ಬದುಕುಳಿದ ನಾಯಿಗೆ ದೀರ್ಘಕಾಲದ ರಕ್ಷಣೆ ಸಿಗುತ್ತದೆ. ಹಾಗಾಗಿ ವೈರಸ್ ಉಳಿಯಬೇಕಾದರೆ ಅದಕ್ಕೆ ಹೊಸ ಹೊಸ ಮರಿಗಳು ಸಿಗುತ್ತಲೇ ಇರಬೇಕು. ಸಂತಾನಹರಣ ಚಿಕಿತ್ಸೆ ಮರಿಗಳ ಸಂಖ್ಯೆ ತಗ್ಗಿಸುತ್ತದೆ, ಲಸಿಕೆ ಉಳಿದವುಗಳನ್ನು ಕಾಯುತ್ತದೆ. ಚಿಕಿತ್ಸೆಗೆಂದು ಹಿಡಿದ ಬೀದಿನಾಯಿಗೆ ಈಗ ರೇಬಿಸ್ ಲಸಿಕೆ ಹಾಕಿ ಬಿಡುತ್ತಾರೆ. ಅಭಯಾರಣ್ಯಗಳ ಸುತ್ತಲಿನ ಹಳ್ಳಿಗಳಲ್ಲಾದರೂ ಅದೇ ಹೊತ್ತಿನಲ್ಲಿ ಡಿಸ್ಟೆಂಪರ್ ಲಸಿಕೆಯನ್ನೂ ಕೊಡಲಿ.

ಮನುಷ್ಯರ ಲಸಿಕೆಗೇ ದುಡ್ಡು ಸಾಲದಿರುವಾಗ ನಾಯಿಗೆ ಇನ್ನೊಂದು ಸೂಜಿಯೇ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ರೇಬಿಸ್ ಮೊದಲು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಾಯಿಯನ್ನು ಹಿಡಿಯುವ ವ್ಯಾನು, ಬಲೆ, ಸಿಬ್ಬಂದಿಯ ಖರ್ಚು ಈಗಾಗಲೇ ಆಗಿರುತ್ತದೆ, ಹೆಚ್ಚುವರಿ ಬೀಳುವುದು ಲಸಿಕೆಯ ಬೆಲೆ ಮಾತ್ರ. ಕಾಡಿನ ಪ್ರಾಣಿಗಳಿಗೆ ಕಾಯಿಲೆ ಬಂದ ಮೇಲೆ ಲಸಿಕೆ ಹಾಕುವುದು ಇದಕ್ಕಿಂತ ಎಷ್ಟೋ ದುಬಾರಿ, ಅಪಾಯವೂ ಹೆಚ್ಚು. ನಾಯಿಗೆ ಹಾಕುವ ಜೀವಂತ ವೈರಸ್ಸಿನ ಲಸಿಕೆಯೇ ಕೆಂಪು ಪಾಂಡಾದಂಥ ಪ್ರಾಣಿಗಳಿಗೆ ಕಾಯಿಲೆ ತಂದದ್ದಿದೆ.

ರಿಂಡರ್‌ಪೆಸ್ಟ್ ಜಗತ್ತಿನಿಂದಲೇ ಅಳಿಯಿತು ಎಂದು 2011ರಲ್ಲಿ ಘೋಷಣೆಯಾಯಿತು. ಅದು ಹೋದದ್ದು ಲಸಿಕೆಯೊಂದರಿಂದಲೇ ಅಲ್ಲ. ಹಳ್ಳಿ ಹಳ್ಳಿಗೆ ಹೋಗಿ, ದನ ಸತ್ತ ಮನೆಯವರನ್ನು ವಿಚಾರಿಸಿ, ಮಾದರಿ ತಂದು ಪರೀಕ್ಷಿಸಿದ ಪಶುವೈದ್ಯರು, ಕಂಪೌಂಡರುಗಳು ಅದರ ಬೆನ್ನು ಹತ್ತಿದ್ದರಿಂದ. ಹಲವು ಕಾಡುಪ್ರಾಣಿಗಳಲ್ಲಿ ಮನೆ ಮಾಡಿರುವ ಡಿಸ್ಟೆಂಪರನ್ನು ಹಾಗೆ ನಿರ್ನಾಮ ಮಾಡಲಾಗದು. ಆದರೆ ಅದು ಎಲ್ಲಿದೆ, ಎತ್ತ ಸಾಗುತ್ತಿದೆ ಎಂದು ತಿಳಿದಿಟ್ಟುಕೊಳ್ಳಬಹುದು. ಹುಲಿಗಳ ಹೆಣ ಸಾಲಾಗಿ ಬಿದ್ದ ಮೇಲೆ ವಿಮಾನದಲ್ಲಿ ಲಸಿಕೆ ತರಿಸುವುದಕ್ಕಿಂತ, ಇವತ್ತು ಸತ್ತ ನಾಯಿಯೊಂದರ ಮಾದರಿಯನ್ನು ಬಸ್ಸಿನಲ್ಲಿ ಬೆಂಗಳೂರಿಗೆ ಕಳಿಸುವುದು ಸುಲಭ.