ರಾಯಭಾರ ಕಚೇರಿಯ ದುಡ್ಡು, ನಮ್ಮ ಹೊಲದ ಒಡ್ಡು

ಪರದೇಶದ ರಾಯಭಾರ ಕಚೇರಿ ಅಂದರೆ ವೀಸಾ ಕೊಡೋದು, ಸಂಗೀತ-ನೃತ್ಯ ಏರ್ಪಡಿಸೋದು ಅಷ್ಟೇ ಅಲ್ಲ. ಅದರ ಕೈ ನಮ್ಮ ಹೊಲದ ಒಡ್ಡಿನವರೆಗೂ ಬರುತ್ತದೆ. ಡೆನ್ಮಾರ್ಕಿನ ಡಾನಿಡಾ ನೆರವಿನಿಂದ 1990ರ ದಶಕದಲ್ಲಿ ಕರ್ನಾಟಕದ ಒಣಭೂಮಿಯಲ್ಲೂ ಜಲಾನಯನ ಕೆಲಸ ನಡೆಯಿತು. ಡಾನಿಡಾ ಆ ದೇಶದ ವಿದೇಶಾಂಗ ಖಾತೆಯದೇ ಅಂಗ. 1998ರಲ್ಲಿ ಪೋಖ್ರಾನಿನಲ್ಲಿ ಅಣು ಪರೀಕ್ಷೆ ಆದಾಗ ಡೆನ್ಮಾರ್ಕ್ ಸಿಟ್ಟಾಗಿ, ನೆರವನ್ನು ಹಂತಹಂತವಾಗಿ ನಿಲ್ಲಿಸುವ ತೀರ್ಮಾನ ಮಾಡಿತು. 2003ರಲ್ಲಿ ದಿಲ್ಲಿ ಸರಕಾರವೂ, ಸಣ್ಣ ಪ್ರಮಾಣದಲ್ಲಿ ಕೊಡುವ ದೇಶಗಳ ನೆರವು ಇನ್ನು ಸಾಕು ಅಂದಿತು. ಇಬ್ಬರ ಮಾನವೂ ಉಳಿಯಿತು ಅನ್ನಿ. ಆದರೆ ಅಣುಬಾಂಬಿಗೂ ಜೋಳದ ಹೊಲಕ್ಕೂ ಏನು ಸಂಬಂಧ?

ನೆರವೇ ಬೇಡ ಅಂತ ನಾನು ಹೇಳೋದಿಲ್ಲ. ಆದರೆ ಮಣ್ಣಿನ ಒಡ್ಡು ಒಂದು ಜೋರು ಮಳೆಗೆ ಒಡೆಯುತ್ತದೆ, ಕೋಡಿಯ ಕಲ್ಲು ಜರಗುತ್ತದೆ. ರಿಪೇರಿ ವರ್ಷವರ್ಷದ್ದು, ಯೋಜನೆಗೋ ಕೊನೆಯ ತಾರೀಕು ಇರುತ್ತದೆ. ಅದಕ್ಕೇ ದುಡ್ಡು ಬರುವ ದಿನವೇ ಕೇಳಬೇಕು: ನಕ್ಷೆ, ಅಳತೆ, ಖರ್ಚಿನ ಲೆಕ್ಕ ಕನ್ನಡದಲ್ಲಿ ಪಂಚಾಯಿತಿಗೆ ಸಿಗುತ್ತದೋ? ರಿಪೇರಿ ನಿಧಿ ಯಾರ ಹೆಸರಲ್ಲಿ? ಇದಕ್ಕೆ ಉತ್ತರ ಕೊಡದ ಯೋಜನೆಗೆ, ಅದು ಯಾವ ದೇಶದ್ದೇ ಇರಲಿ, ನಮ್ಮೂರ ಸಭೆಯಲ್ಲಿ ನಾನಂತೂ ಕೈ ಎತ್ತುವುದಿಲ್ಲ.