ನದಿಗೆ ಮೂರು ಜಿಲ್ಲೆ, ಗಾಯಾಳುವಿಗೆ ಒಂದೇ ಜೀವ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರೆಸ್ಟ್ ಗೇಟ್ ಚೈನ್ ತುಂಡಾಗಿ ಕೊಚ್ಚಿಹೋಯಿತು. ಉಳಿದ 32 ಗೇಟುಗಳ ಮೇಲಿನ ಭಾರ ಇಳಿಸಲು ನದಿಗೆ ಲಕ್ಷ ಕ್ಯುಸೆಕ್‌ನಷ್ಟು ನೀರು ಬಿಡಬೇಕಾಯಿತು. ಗೇಟ್ ತಜ್ಞ ಕನ್ನಯ್ಯ ನಾಯ್ಡು ಬಂದರು, ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಿದರು, ವಾರ ಕಳೆಯುವುದರೊಳಗೆ ಸೋರಿಕೆ ನಿಂತಿತು. ಚೈನ್ ಎಷ್ಟು ಹಳೆಯದು, ನಿರ್ವಹಣೆ ಯಾರ ಹೊಣೆ ಎಂಬ ಚರ್ಚೆ ಹೊಸಪೇಟೆಯ ಚಹಾ ಅಂಗಡಿಯಿಂದ ವಿಧಾನಸೌಧದವರೆಗೂ ನಡೆಯಿತು. ಅಣೆಕಟ್ಟೆಯ ಕೆಳಗಿನ ಆಸ್ಪತ್ರೆಗಳಿಗೆ ಒಂದೇ ರಾತ್ರಿ ನೂರು ಗಾಯಾಳುಗಳು ಬಂದಿದ್ದರೆ ಗತಿಯೇನಾಗುತ್ತಿತ್ತು ಎಂದು ಕೇಳಿದವರು ಮಾತ್ರ ಕಡಿಮೆ.

ಈ ಪ್ರಶ್ನೆ ಇಲ್ಲಿ ಹೊಸದಲ್ಲ. 2009ರ ಜನವರಿ 22ರಂದು ಹಂಪಿಯ ತಳವಾರಘಟ್ಟ ಮತ್ತು ಆನೆಗೊಂದಿ ನಡುವೆ ಕಟ್ಟುತ್ತಿದ್ದ ಸೇತುವೆ ಕುಸಿದು ಕೆಲಸಗಾರರು ನದಿಪಾಲಾದರು. 2019ರ ಆಗಸ್ಟ್‌ನಲ್ಲಿ ವಿರೂಪಾಪುರಗಡ್ಡೆಯಲ್ಲಿ ವಿದೇಶಿಯರೂ ಸೇರಿ ನೂರಾರು ಪ್ರವಾಸಿಗರು ಸಿಕ್ಕಿಬಿದ್ದರು. ಅವರನ್ನು ಕರೆತರಲು ಹೋದ ದೋಣಿಯೇ ಮಗುಚಿ, ಕೊನೆಗೆ ರಕ್ಷಣಾ ಸಿಬ್ಬಂದಿಯನ್ನೇ ಹೆಲಿಕಾಪ್ಟರ್‌ನಿಂದ ಎತ್ತಬೇಕಾಯಿತು. ಕಂಪ್ಲಿ ಸೇತುವೆಯ ಮಾತಂತೂ ಬೇಡ. ಡ್ಯಾಮಿನಿಂದ ನೀರು ಹೆಚ್ಚಿಗೆ ಬಿಟ್ಟಾಗಲೆಲ್ಲ ಅದು ಮುಳುಗುತ್ತದೆ, ಗಂಗಾವತಿಯ ದಾರಿ ಕಡಿಯುತ್ತದೆ.

ಭೂಪಟ ಬಿಚ್ಚಿದರೆ ಕಷ್ಟ ಇನ್ನೂ ಸ್ಪಷ್ಟವಾಗುತ್ತದೆ. 2021ರವರೆಗೆ ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ನಾಲ್ಕೂ ಬಳ್ಳಾರಿ ಜಿಲ್ಲೆಯವು. ಈಗ ಹೊಸಪೇಟೆ, ಹಂಪಿ ವಿಜಯನಗರಕ್ಕೆ. ಸಂಡೂರು, ಕಂಪ್ಲಿ ಬಳ್ಳಾರಿಗೆ. ಹಂಪಿಯ ಎದುರುದಂಡೆಯ ಆನೆಗೊಂದಿ, ವಿರೂಪಾಪುರಗಡ್ಡೆ ಕೊಪ್ಪಳಕ್ಕೆ. ನದಿಯಲ್ಲಿ ದೊಡ್ಡ ಅನಾಹುತವಾದರೆ ಮೂವರು ಜಿಲ್ಲಾ ಆರೋಗ್ಯಾಧಿಕಾರಿಗಳ ಫೋನು ಒಟ್ಟಿಗೆ ಹೊಡೆದುಕೊಳ್ಳುತ್ತದೆ. ಗಾಯಾಳುವನ್ನು ಮೊದಲು ಮುಟ್ಟುವುದು ಒಂದು ಜಿಲ್ಲೆಯ ನರ್ಸ್, ಸಾಗಿಸುವುದು ಇನ್ನೊಂದರ 108, ಸೇರಿಸಿಕೊಳ್ಳುವುದು ಹೊಸಪೇಟೆಯ ಖಾಸಗಿ ನರ್ಸಿಂಗ್ ಹೋಮ್ ಅಥವಾ ಬಳ್ಳಾರಿಯ ಸರ್ಕಾರಿ ಆಸ್ಪತ್ರೆ ವಿಮ್ಸ್ (ಹೆಸರು ಬದಲಾದರೂ ಜನರಿಗೆ ಅದು ವಿಮ್ಸೇ). ಇಷ್ಟು ಕೈ ದಾಟುವ ಮನುಷ್ಯನ ವಿಚಾರದಲ್ಲಿ ಎಲ್ಲರೂ ಒಂದೇ ಪಾಠ ಕಲಿತಿರಬೇಕಲ್ಲವೆ?

ಆ ಪಾಠ ಕಬ್ಬಿಣದ ಕಡಲೆಯೇನಲ್ಲ. ‘ಟ್ರಯಾಜ್’ ಎನ್ನುವ ವಿಂಗಡಣೆಯನ್ನೇ ನೋಡಿ. ನಡೆಯಬಲ್ಲವರನ್ನೆಲ್ಲ ಮೊದಲು ಒಂದು ಪಕ್ಕಕ್ಕೆ ಕರೆದರೆ ಅವರಿಗೆ ಹಸಿರು ಪಟ್ಟಿ. ಉಳಿದವರಲ್ಲಿ ನಿಮಿಷಕ್ಕೆ 30ಕ್ಕಿಂತ ಹೆಚ್ಚು ಉಸಿರಾಡುತ್ತಿರುವವರು, ಉಗುರು ಒತ್ತಿಬಿಟ್ಟಾಗ 2 ಸೆಕೆಂಡಿನಲ್ಲಿ ಕೆಂಪು ಮರಳದವರು, ‘ಕೈ ಎತ್ತಪ್ಪ’ ಎಂದರೆ ಎತ್ತಲಾಗದವರು ಕೆಂಪು ಪಟ್ಟಿಗೆ. ಸ್ವಲ್ಪ ಕಾಯಬಲ್ಲವರಿಗೆ ಹಳದಿ. ಉಸಿರಿನ ದಾರಿ ತೆರವು ಮಾಡಿದರೂ ಉಸಿರಾಡದವರಿಗೆ ಕಪ್ಪು. ಒಬ್ಬೊಬ್ಬರಿಗೆ ಅರ್ಧ ನಿಮಿಷದ ಕೆಲಸ. ಆದರೆ ಅಭ್ಯಾಸವಿಲ್ಲದ ಕಡೆ ಆಗುವುದೇ ಬೇರೆ. ಕೈಕಾಲು ಆಡುವವರು ಗೂಡ್ಸ್ ಆಟೊ, ಬೈಕ್ ಹತ್ತಿ ಮೊದಲು ಬಂದು ತುರ್ತು ಕೊಠಡಿ ತುಂಬುತ್ತಾರೆ. ನಿಜಕ್ಕೂ ಸಾಯುತ್ತಿರುವವನು ಕೊನೆಯ ಆಂಬುಲೆನ್ಸ್‌ನಲ್ಲಿ ಬಂದಾಗ ಮಂಚ ಖಾಲಿ ಇರುವುದಿಲ್ಲ. ಕಂಪ್ಲಿಯಲ್ಲಿ ಕಟ್ಟಿದ ಕೆಂಪು ಪಟ್ಟಿಯ ಅರ್ಥ ಹೊಸಪೇಟೆಯಲ್ಲಿ ತಿಳಿಯದಿದ್ದರೆ ಅದು ಬರೀ ರಿಬ್ಬನ್.

ಈ ಸೀಮೆಗೆ ಇನ್ನೂ ಕೆಲವು ವಿಶೇಷ ಪಾಠಗಳು ಬೇಕು. ಸಂಡೂರಿನ ಗಣಿಯಲ್ಲಿ ಮಣ್ಣು ಜರಿದು ಗಂಟೆಗಟ್ಟಲೆ ಕಾಲು ಸಿಕ್ಕಿಬಿದ್ದವನನ್ನು ಸಲೈನ್ ಏರಿಸದೆ ಅವಸರದಲ್ಲಿ ಎಳೆದರೆ, ಜಜ್ಜಿದ ಮಾಂಸಖಂಡದ ಪೊಟ್ಯಾಸಿಯಂ ರಕ್ತಕ್ಕೆ ಸೇರಿ ಹೃದಯವೇ ನಿಲ್ಲಬಹುದು. ಉಕ್ಕಿನ ಕುಲುಮೆಯ ಅನಿಲದಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಕುಡಿದವನ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿದರೆ ಅದು 98 ತೋರಿಸಿ ನರ್ಸನ್ನು ಮೋಸಗೊಳಿಸುತ್ತದೆ. ನೀರಿನಲ್ಲಿ ಮುಳುಗಿದವನಿಗೆ ಹೊಟ್ಟೆ ಒತ್ತುವುದಲ್ಲ, ಮೊದಲು ಉಸಿರು ಕೊಡಬೇಕು. ಗಣಿ, ಕಾರ್ಖಾನೆ, ನದಿ ಮೂರೂ ಇಷ್ಟು ಒತ್ತೊತ್ತಾಗಿರುವ ಸೀಮೆಯಲ್ಲಿ ಇವನ್ನು ತಜ್ಞ ವೈದ್ಯರಿಗಷ್ಟೇ ಬಿಡುವಂತಿಲ್ಲ.

ವಿಚಿತ್ರ ನೋಡಿ: 1966ರ ಗಣಿ ವೃತ್ತಿ ತರಬೇತಿ ನಿಯಮಗಳ ಪ್ರಕಾರ ಸಂಡೂರಿನ ದೋಣಿಮಲೈ ಗಣಿಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರುವ ಕಾರ್ಮಿಕ ಮೊದಲು ತರಬೇತಿ ಮುಗಿಸಬೇಕು, ಆಮೇಲೂ ಕಾಲಕಾಲಕ್ಕೆ ಮರುತರಬೇತಿ ಪಡೆಯಬೇಕು. ಅವನು ಗಾಯಗೊಂಡರೆ ನೋಡಬೇಕಾದವರಿಗೆ ಅಂಥ ಬಿಗಿಯಾದ ಕಟ್ಟುಪಾಡು ಕಾಣುವುದಿಲ್ಲ. ಕಾಗದಕ್ಕೇನೂ ಕೊರತೆಯಿಲ್ಲ. ಸಾಮೂಹಿಕ ಸಾವುನೋವು ನಿಭಾಯಿಸುವ ಬಗ್ಗೆ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2007ರಲ್ಲೇ ಮಾರ್ಗಸೂಚಿ ಕೊಟ್ಟಿದೆ. ವೈದ್ಯರು, ನರ್ಸ್‌ಗಳು, ಆಂಬುಲೆನ್ಸ್ ಸಿಬ್ಬಂದಿಗೆಂದು ದೇಶಕ್ಕೆಲ್ಲ ಒಂದೇ ಬಗೆಯ ತುರ್ತು ಜೀವರಕ್ಷಣಾ ಕೋರ್ಸನ್ನು ಕೇಂದ್ರ ಆರೋಗ್ಯ ಸಚಿವಾಲಯ 2021ರ ಡಿಸೆಂಬರ್‌ನಲ್ಲಿ ಶುರುಮಾಡಿದೆ. ಹೊಸ ಪಠ್ಯ ಬರೆಯುವ ಗೋಜು ಬೇಡ. ಇರುವುದನ್ನು ಕಂಪ್ಲಿಯ ರಾತ್ರಿ ಪಾಳಿಯ ನರ್ಸ್‌ವರೆಗೆ ಮುಟ್ಟಿಸಬೇಕು, ಅಷ್ಟೆ.

ಅಣಕು ಕಾರ್ಯಾಚರಣೆ ನಡೆಯುತ್ತಿಲ್ಲವೇ ಎನ್ನುವವರಿಗೆ ಒಂದು ಮಾತು. ಬೆಳಿಗ್ಗೆ ಹನ್ನೊಂದಕ್ಕೆ, ಸಾಹೇಬರು ಬಂದ ಮೇಲೆ, ಸ್ಟ್ರೆಚರ್ ಮೇಲಿನ ‘ಗಾಯಾಳು’ ಕ್ಯಾಮೆರಾ ನೋಡಿ ನಗುವ ಕಾರ್ಯಕ್ರಮದಿಂದ ಯಾರೂ ಏನೂ ಕಲಿಯುವುದಿಲ್ಲ. ಮುನ್ಸೂಚನೆ ಇಲ್ಲದೆ, ರಾತ್ರಿ, ಕರೆಂಟ್ ತೆಗೆದು ನಡೆಸಿದರೆ ಲೋಪಗಳು ತಾವೇ ಹೊರಬೀಳುತ್ತವೆ.

ಖಾಸಗಿಯವರನ್ನೂ ಕಂಪನಿಗಳನ್ನೂ ಒಳಗೊಳ್ಳುವುದು ಆಗದ ಕೆಲಸವಲ್ಲ. 2021ರ ಮೇ ತಿಂಗಳಲ್ಲಿ ತೋರಣಗಲ್ಲಿನಲ್ಲಿ ಜಿಂದಾಲ್ ಉಕ್ಕಿನ ಕಾರ್ಖಾನೆಯಿಂದ ನೇರವಾಗಿ ಆಮ್ಲಜನಕದ ಕೊಳವೆ ಎಳೆದು 1000 ಹಾಸಿಗೆಯ ತಾತ್ಕಾಲಿಕ ಕೋವಿಡ್ ಆಸ್ಪತ್ರೆ ಎಬ್ಬಿಸಿದ್ದು ಸರ್ಕಾರ ಮತ್ತು ಕಂಪನಿ ಕೂಡಿಯೇ. ಜೀವ ಬಾಯಿಗೆ ಬಂದಾಗ ಕೂಡಿಬಂದವರು ಬಿಡುವಿದ್ದಾಗ ಕೂಡಲಾರರೆ?

ವಿಜಯನಗರ, ಬಳ್ಳಾರಿ, ಕೊಪ್ಪಳದ ಜಿಲ್ಲಾಧಿಕಾರಿಗಳು ಮುಂದಿನ ಮುಂಗಾರಿಗೆ ಮುನ್ನ ಹೊಸಪೇಟೆಯಲ್ಲಿ ಒಟ್ಟಿಗೆ ಕೂರಲಿ. ಗಣಿ, ಕಾರ್ಖಾನೆಗಳ ಆಸ್ಪತ್ರೆಯವರನ್ನೂ ನರ್ಸಿಂಗ್ ಹೋಮ್‌ನವರನ್ನೂ 108ರವರನ್ನೂ ಕರೆಯಲಿ. ಎಲ್ಲರಿಗೂ ಒಂದೇ ತರಬೇತಿ, ಒಂದೇ ಬಣ್ಣದ ಪಟ್ಟಿ, ವರ್ಷಕ್ಕೊಂದು ಜಂಟಿ ಅಣಕು ಕಾರ್ಯಾಚರಣೆ ನಿಗದಿಯಾಗಲಿ. ಮೊದಲನೆಯದು ಕಂಪ್ಲಿ ಸೇತುವೆ ಮುಳುಗಿದೆ ಎಂದು ಊಹಿಸಿಕೊಂಡೇ ನಡೆಯಲಿ.